ಐದನೆಯವಳ ಜೊತೆ ಅರಕಲಗೂಡಿಗೆ

ಅಕ್ಕ ಫೋನು ಮಾಡಿ, "ಗುರುವಾರ ನಮ್ದು ಕೋರ್ಟ್ ಡೇಟ್ ಐತೆ ಕಣೇ, ಬುಧವಾರನೇ ಬಂದ್ಬುಡು" ಎಂದಾಗ ಅವಳ ದನಿ ಮದುವೆಗೆ ಕರೆಯುವವರ ದನಿಯಂತಿತ್ತು. ನನ್ನ ಅಕ್ಕ ಸರೋಜಾ ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ; ಈಗಾಗಲೇ ಬಂದಿರುವ ಹೆಸರೇ ಸಾಕಂತೆ. ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಮನೆಮಂದಿಯನ್ನೆಲ್ಲ ಗದರಿಸಿಕೊಂಡಿರುವ ಹೆಂಗಸಿನ ಮೇಲೆ ಪೊಲೀಸ್ ಕೇಸು ಎಂದರೆ ಯಾವ ತಂಗಿಗೆ ತಾನೆ ನೋಡುವ ಆಸೆಯಾಗುವುದಿಲ್ಲ? ಬೇಲೂರು, ಹಳೇಬೀಡು ಎಂದುಕೊಂಡಿದ್ದ ನನ್ನ ಪ್ರವಾಸವನ್ನು ಬದಿಗಿಟ್ಟು, ಬುಧವಾರ ಬೆಳಗ್ಗೆ ಬೆಂಗಳೂರಿನಲ್ಲಿ ಹಾಸನದ ಬಸ್ಸು ಹತ್ತಿದೆ.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಪ್ರವಾಸ ಬರೆಯುವವಳಿಗೆ ಟಿಕೆಟ್ ದರ ಹೇಳುವ ಸುಖ ತಪ್ಪಿದೆ. ಆಧಾರ್ ಕಾರ್ಡು ತೋರಿಸಿದೆ, ಸೊನ್ನೆ ರೂಪಾಯಿಯ ಚೀಟಿ ಬಂತು. ಹಿರೀಸಾವೆಯಲ್ಲಿ ತಿಂಡಿಗೆ ನಿಲ್ಲಿಸಿದರು. ಬಿಸಿ ಇಡ್ಲಿ ಚೆನ್ನಾಗಿತ್ತು, ಕಾಫಿಯಲ್ಲಿ ಸಕ್ಕರೆ ಮಾತ್ರ ಇತ್ತು. ಹೊರಗೆ ಮಂಜು ಇನ್ನೂ ತೆಂಗಿನ ಮರಗಳ ಸೊಂಟದ ಮಟ್ಟದಲ್ಲೇ ನಿಂತಿತ್ತು. ಚನ್ನರಾಯಪಟ್ಟಣದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಲಾರಿಗೆ ತೆಂಗಿನಕಾಯಿ ಎಸೆಯುವವರೂ ಹಿಡಿಯುವವರೂ ಒಬ್ಬರನ್ನೊಬ್ಬರು ನೋಡದೆ ಹರಟುತ್ತಲೇ ಕೆಲಸ ಮಾಡುತ್ತಿದ್ದರು. ಒಂದು ಎಳನೀರು ಕುಡಿದು, ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿ, ಉದ್ದಕ್ಕೂ ರಾಗಿ ಕೊಯ್ದ ಹೊಲಗಳು, ಬೇಲಿಯ ಮೇಲೆಲ್ಲ ಅವರೆ ಹೂವು.

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಅಕ್ಕ ನನ್ನನ್ನು ಮನೆಗೆ ಕರೆದೊಯ್ಯುವ ಬದಲು ಹತ್ತಿರದಲ್ಲೇ ಇದ್ದ ವಕೀಲರ ಕಚೇರಿಗೆ ಕರೆದೊಯ್ದಳು. ದಾರಿಯಲ್ಲಿ ಕಥೆ ಹೇಳಿದಳು. ಅವರ ಊರಿನ ಶಾಲೆಯ ಮುಂದೆ ಜಲ್ಲಿ ಲಾರಿಗಳು ಹುಚ್ಚು ಹಿಡಿದಂತೆ ಓಡುತ್ತಿದ್ದವಂತೆ. ಹಂಪು ಹಾಕಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಒಂದು ಬೆಳಗ್ಗೆ ಅಕ್ಕನೂ ಅವಳ ಮಹಿಳಾ ಸಂಘದ ಮೂವರು ಗೆಳತಿಯರೂ ರಸ್ತೆಯ ಮಧ್ಯೆ ಚಾಪೆ ಹಾಸಿ ಕುಳಿತರು. ಆ ಹೊತ್ತಿಗೆ ಹುಲ್ಲಿನ ಹೊರೆ ಹೊತ್ತುಕೊಂಡು ಬಂದ ಚಿಕ್ಕತಾಯಮ್ಮ ಎಂಬವಳು ಹೊರೆ ಇಳಿಸಿ, ಚಾಪೆಯ ತುದಿಯಲ್ಲಿ ತಾನೂ ಕುಳಿತಳು. ಪೊಲೀಸರು ಬಂದು ತಲೆ ಎಣಿಸಿ ಹೆಸರು ಬರೆದುಕೊಂಡರು. ವಾರ ಕಳೆಯುವುದರೊಳಗೆ ಹಂಪು ಬಂತು. ಹಿಂದೆಯೇ ಸಮನ್ಸೂ ಬಂತು.

ವಕೀಲೆ ಚಿಕ್ಕ ವಯಸ್ಸಿನ, ಚುರುಕಾದ ಹುಡುಗಿ. ವಿಷಯವನ್ನು ನನಗೂ ಬಿಡಿಸಿ ಹೇಳಿದಳು. "ಐದು ಜನ ಸೇರಿದ್ರೆ ಅಕ್ರಮ ಕೂಟ ಮೇಡಂ. ನಾಲ್ಕು ಜನ ಸೇರಿದ್ರೆ ಬರೀ ನಾಲ್ಕು ಜನ ಅಷ್ಟೆ. ಚಿಕ್ಕತಾಯಮ್ಮ 'ನಾನು ಸುಮ್ನೆ ದಾರೀಲಿ ಹೋಗ್ತಿದ್ದೆ, ಇವರ ಜೊತೆ ಅಲ್ಲ' ಅಂದ್ಬಿಟ್ರೆ ಕೇಸಿನ ಬುಡವೇ ಅಲ್ಲಾಡುತ್ತೆ. ಉಳಿದದ್ದು ನಾನು ನೋಡ್ಕೋತೀನಿ." ಈ ಕಾನೂನು ಬ್ರಿಟಿಷರು ಬರೆದದ್ದಲ್ಲವೇ ಎಂದು ಕೇಳಿದೆ. ಹೌದು, ಈಗ ಪುಸ್ತಕಕ್ಕೆ ಹೊಸ ಹೆಸರು ಬಂದಿದೆ, ಸೆಕ್ಷನ್ನಿನ ನಂಬರೂ ಬದಲಾಗಿದೆ, ಆದರೆ ಐದು ಮಾತ್ರ ಐದಾಗಿಯೇ ಇದೆ ಎಂದಳು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ನಮ್ಮ ಭಾಷೆಯಲ್ಲಿ ನಾಲ್ಕು ಜನ ಎಂದರೆ ಇಡೀ ಲೋಕ. ನಾಲ್ಕು ಜನ ಏನಂದಾರು ಎಂದು ಹೆದರುತ್ತೇವೆ, ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು ಎಂದು ಅಳುತ್ತೇವೆ. ಬಿಳಿಯ ದೊರೆಗೆ ಆ ನಾಲ್ಕು ಜನ ಏನು ಆಡಿಕೊಂಡರೂ ಚಿಂತೆಯಿರಲಿಲ್ಲ. ಐದನೆಯವರು ಬಂದು ಪಕ್ಕದಲ್ಲಿ ಕುಳಿತರೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಅವನು ಹಡಗು ಹತ್ತಿ ಹೋದ. ಅವನ ಹೆದರಿಕೆಯನ್ನು ನಾವು ಒರೆಸಿ, ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದೇವೆ.

ಇದೇ ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮ ಅಜ್ಜ ಚಳವಳಿಯ ಕಾಲದಲ್ಲಿ ಏಟು ತಿಂದಿದ್ದರು. ಗುಂಪು ಸೇರಬಾರದೆಂದು ತಮಟೆ ಹೊಡೆಸಿದ್ದರಿಂದ ಇವರೆಲ್ಲ ನಾಲ್ಕು ನಾಲ್ಕು ಜನರಾಗಿ, ನಡುವೆ ಹತ್ತು ಮಾರು ಬಿಟ್ಟು ಹಾಡಿಕೊಂಡು ಹೊರಟರಂತೆ. ಅಜ್ಜನ ಸಾಲಿಗೆ ಬೀದಿನಾಯಿಯೊಂದು ಸೇರಿಕೊಂಡಿತು. ಅದನ್ನೂ ಲೆಕ್ಕಕ್ಕೆ ಹಿಡಿದು ಹೊಡೆದರು ಎಂದು ಅಜ್ಜ ನಗುತ್ತಾ ಹೇಳುತ್ತಿದ್ದರು. ಆದರೆ ಅವರ ಎಡಗೈ ಮೊಣಕೈಯ ಹತ್ತಿರ ಸಾಯುವ ತನಕ ನೆಟ್ಟಗಾಗಲಿಲ್ಲ. ಮೈಸೂರು ಸೀಮೆಗೆ ಮಹಾರಾಜರಿದ್ದರಲ್ಲ ಅಜ್ಜ ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. "ರಾಜ ನಮ್ಮೋನೇ ಕಣವ್ವ, ಕಾಯ್ದೆ ಅವ್ರುದು. ಒಡೆದೋನು ಪಕ್ಕದೂರೋನು" ಎಂದಿದ್ದರು. ಆ ಬೀದಿಯಲ್ಲಿ ಈಗ ಮೊಬೈಲ್ ಅಂಗಡಿಗಳಿವೆ. ಅಕ್ಕ ಅಲ್ಲೇ ಒಂದು ಸೇರು ಕಡಲೆಪುರಿ ಕೊಂಡು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಅಕ್ಕನ ಮನೆಯ ಜಗಲಿಯಲ್ಲಿ ಐವರೂ ಸೇರಿ ನಾಳೆಯ ಸಾರಿಗೆ ಅವರೆಕಾಳು ಹಿತುಕುತ್ತಾ ಕುಳಿತರು. ಚಿಕ್ಕತಾಯಮ್ಮ ಊರಿನ ಆಚೆ ತುದಿಯವಳು, ಕೂಲಿಗೆ ಹೋಗುವವಳು, ನಾಲ್ಕು ಮೇಕೆಗಳ ಒಡತಿ. ಸಂಘದಲ್ಲಿ ಅವಳಿಲ್ಲ. ಅಕ್ಕನ ಜಗಲಿಗೂ ಕೇಸು ಬಿದ್ದ ಮೇಲೇ ಬರತೊಡಗಿದ್ದಾಳೆ. ಅಕ್ಕನಿಗೋ ಈ ಸಲ ಡೇರಿಯ ಚುನಾವಣೆಗೆ ನಿಲ್ಲುವ ಆಸೆ. ಎದುರಾಳಿಯವರು ಅವಳ ಹೆಸರು ಹಿಡಿಯದೆ 'ಕೇಸಿರೋಳು' ಎಂದೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಹಾಗಾಗಿ ವಕೀಲೆಯ ಉಪಾಯವನ್ನು ಅಕ್ಕ ಬೆಲ್ಲ ಬೆರೆಸಿ ಹೇಳಿದಳು. ಗೆಳತಿಯರೂ ದನಿಗೂಡಿಸಿದರು.

ಚಿಕ್ಕತಾಯಮ್ಮ ಅವರೆಕಾಳಿನ ಮೇಲಿನ ಕಣ್ಣು ತೆಗೆಯಲಿಲ್ಲ. "ನಾನೂ ಕುಂತಿದ್ನಲ್ಲ ಸರೋಜಕ್ಕ" ಎಂದಳು. ಕುಳಿತಿದ್ದೆ, ಸರಿ, ಆದರೆ ಕೋರ್ಟಿನಲ್ಲಿ ಹಾಗೆನ್ನಬಾರದು ಎಂದು ಅಕ್ಕ ತಿಳಿಸಿ ಹೇಳಿದಳು. ಚಿಕ್ಕತಾಯಮ್ಮ ಕೈಯಲ್ಲಿದ್ದ ಕಾಳನ್ನು ಹಿತುಕಿ ಪಾತ್ರೆಗೆ ಹಾಕಿದಳು. "ಈ ಊರ್ಗೆ ಬಂದಾಗಿಂದ ಯಾರೂ ನನ್ನ ಲೆಕ್ಕುಕ್ಕೆ ಇಡ್ದಿರ್ನಿಲ್ಲ. ಪೊಲೀಸ್ನೋರು ಐದು ಅಂತ ಬರ್ಕೊಂಡ್ರು. ಆಗ್ಲಿ ಬುಡಿ, ನಿಮ್ಗೆ ಒಳ್ಳೇದಾಗಾದಾದ್ರೆ ನೀವ್ ಏಳ್ದಂಗೇ ಏಳ್ತೀನಿ" ಎಂದು ಸೆರಗು ಕೊಡವಿ ಎದ್ದಳು. ಅಕ್ಕನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ, ಆದರೆ ನೆಂಟಳಾಗಿ ಬಂದವಳು ಏನು ಹೇಳಲಿ?

ಗುರುವಾರ ಬೆಳಗ್ಗೆ ಚಳಿ ಚೆನ್ನಾಗಿತ್ತು. ಐವರೂ ಗಟ್ಟಿ ಬಣ್ಣದ ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಿದ್ದರು. ಕೋರ್ಟಿನ ದಿನ ಹೊಲದ ಕೆಲಸವಿಲ್ಲ, ಗಂಡಂದಿರಿಗೆ ಅನ್ನ ಬಡಿಸುವುದೂ ಇಲ್ಲ. ಮೊದಲ ಡೇಟಿಗೆ ಅಳುತ್ತಾ ಹೋದವರು ಈಗ ಯಾವ ಹೋಟೆಲಿನಲ್ಲಿ ಯಾವ ತಿಂಡಿ ಚೆನ್ನ ಎಂದು ಬಲ್ಲವರಾಗಿದ್ದಾರೆ. ಬಸ್ಸು ಶಾಲೆಯ ಮುಂದಿನ ಹಂಪಿನ ಮೇಲೆ ಹಾರಿ ಬಿದ್ದಾಗ ಎಲ್ಲರ ತಲೆಯೂ ಮೇಲಿನ ಕಂಬಿಗೆ ತಾಗುವಂತಾಯಿತು. ಯಾವನಪ್ಪ ಇದನ್ನು ಹಾಕಿದವನು ಎಂದು ಹಿಂದಿನ ಸೀಟಿನವರೊಬ್ಬರು ಗೊಣಗಿದರು. ಅಕ್ಕ ತಿರುಗಿ ಗಂಭೀರವಾಗಿ, "ನಾವೇ ಕಣಣ್ಣ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಚಿಕ್ಕತಾಯಮ್ಮ ಮಾತ್ರ ಸೆರಗಿನ ಮರೆಯಲ್ಲಿ ತುಟಿ ಅಲ್ಲಾಡಿಸುತ್ತಿದ್ದಳು. ಹುಲ್ಲಿನ ಹೊರೆ, ದಾರಿ, ಇವರ ಜೊತೆ ಅಲ್ಲ ಎಂದು ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

ಅರಕಲಗೂಡಿನಲ್ಲಿ ಖಾಲಿ ದೋಸೆ ತಿಂದು ಕೋರ್ಟಿಗೆ ಹೋದೆವು. ಆವರಣದ ಮರದ ಕೆಳಗೆ ಜಮೀನಿನ ವ್ಯಾಜ್ಯದವರು ಕಡಲೆಕಾಯಿ ಸುಲಿಯುತ್ತಾ ಎದುರುಪಕ್ಷದವರೊಂದಿಗೇ ಹಂಚಿ ತಿನ್ನುತ್ತಿದ್ದರು. ಊಟದ ಹೊತ್ತಿಗೆ ಸ್ವಲ್ಪ ಮೊದಲು ಇವರ ಕೇಸನ್ನು ಕೂಗಿದರು. ಐವರೂ ಸಾಲಾಗಿ ನಿಂತರು. ನಾನು ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತೆ.

ಐದನೆಯವರು ದಾರಿಹೋಕರು ಎಂದು ವಕೀಲೆ ಎದ್ದು ಹೇಳಿದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಹೌದೇನಮ್ಮಾ ಎಂದು ಚಿಕ್ಕತಾಯಮ್ಮನನ್ನೇ ಕೇಳಿದರು. ಅವಳು ಕೈ ಜೋಡಿಸಿದಳು. "ಉಲ್ಲಿನ್ ಒರೆ ಒತ್ಕಂಡ್ ಓಯ್ತಿದ್ದೆ ಸಾ. ನಾನು..." ಅಲ್ಲಿಗೆ ಮಾತು ನಿಂತಿತು. ಮತ್ತೆ "ನಾನು" ಎಂದಳು. ಮುಂದಿನದು ಅವಳಿಗೆ ನೆನಪಿತ್ತು, ಬಾಯಿಗೆ ಬರಲಿಲ್ಲ.

ಆಗ ಸಾಲಿನ ಮೊದಲಿಗೆ ನಿಂತಿದ್ದ ಅಕ್ಕನ ದನಿ ಕೇಳಿತು. "ಇಲ್ಲ ಸಾ. ಅವ್ಳೂ ನಮ್ ಜೊತೇನೆ ಕುಂತಿದ್ಲು. ನಾವು ಐದು ಜನ."

ವಕೀಲೆ ಹಣೆಗೆ ಕೈಯಿಟ್ಟುಕೊಂಡಳು. ಹಾಗಾದರೆ ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ಕುಳಿತದ್ದು ನಿಜ, ತಪ್ಪು ಮಾಡಿಲ್ಲ ಎಂದಳು ಅಕ್ಕ. ಗೆಳತಿಯರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಕೊನೆಯಲ್ಲಿ ಚಿಕ್ಕತಾಯಮ್ಮ, ಈ ಸಲ ಎಲ್ಲಿಯೂ ತಡವರಿಸದೆ, ಅದನ್ನೇ ಹೇಳಿದಳು. ನ್ಯಾಯಾಧೀಶರು ತಲೆ ಬಗ್ಗಿಸಿ ಬರೆದುಕೊಂಡರು, ಯುಗಾದಿಯಾದ ಮೇಲಿನ ಒಂದು ತಾರೀಖು ಕೊಟ್ಟರು. ಹಿಂದಿನ ಬೆಂಚಿನಲ್ಲಿ ನಾನು ನಾಚಿಕೆ ಬಿಟ್ಟು ಅಳುತ್ತಿದ್ದೆ, ಸಂತೋಷಕ್ಕೆ.

ಹೊರಗೆ ಬಂದ ಮೇಲೆ ವಕೀಲೆ ಚೆನ್ನಾಗಿ ಬೈದಳು. ಇನ್ನೆಷ್ಟು ವರ್ಷ ಓಡಾಡಬೇಕೋ, ನೀವೇ ಅನುಭವಿಸಿ ಎಂದಳು. ಬೈದು ಮುಗಿಸಿ ಅಕ್ಕನ ಚೀಲದಿಂದ ಕಡಲೆಪುರಿ ತೆಗೆದುಕೊಂಡು ತಿಂದಳು. ಡೇರಿ ಚುನಾವಣೆಯ ಗತಿಯೇನು ಎಂದು ನಾನು ಕೇಳಿದೆ. "ನಿಂತೇ ನಿಲ್ತೀನಿ. ಅವ್ರು ಕೇಸಿರೋಳು ಅನ್ಲಿ, ನಾನು ಹಂಪು ಆಕ್ಸಿದೋಳು ಅಂತೀನಿ" ಎಂದಳು ಅಕ್ಕ.

ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸುವ ನೆಪದಲ್ಲಿ ಐವರೂ ಹಾಸನಕ್ಕೆ ಬಂದರು. ಅದೂ ಮೂವತ್ತು ಕಿಲೋಮೀಟರಿನ ಆಸುಪಾಸು. ದಾರಿಯುದ್ದಕ್ಕೂ ಹಾಡು. ಹಾಸನದಲ್ಲಿ ಊಟ ಮಾಡಿ, ಬಳೆ ಅಂಗಡಿಗೆ ನುಗ್ಗಿ, ಐವರಿಗೂ ಒಂದೇ ಬಣ್ಣದ ಹಸಿರು ಬಳೆ ತೊಡಿಸಿದೆವು. ಬಳೆಗಾರರು ಯಾರ ಮನೆ ಮದುವೆ ಎಂದು ವಿಚಾರಿಸಿದರು. ಗೆಳತಿಯರು ಚೌಕಾಸಿ ಮಾಡುತ್ತಿದ್ದಾಗ ನಾನು ಅಕ್ಕನನ್ನು ಪಕ್ಕಕ್ಕೆ ಕರೆದು, ನಿನ್ನೆ ಸಂಜೆಯೆಲ್ಲ ಬೇಡಿಕೊಂಡವಳು ಇಂದು ಯಾಕೆ ಹಾಗೆಂದೆ ಎಂದು ಕೇಳಿದೆ.

"ಅವ್ಳು ನಾನು ನಾನು ಅಂದ್ಲಲ್ಲ" ಎಂದಳು ಅಕ್ಕ. "ಅದುಕ್ಕಿಂತ ಮುಂದಿಂದು ಅವ್ಳ ಬಾಯಲ್ಲಿ ಕೇಳಾಕೆ ನನ್ ಕೈಲಿ ಆಗ್ನಿಲ್ಲ ಕಣೇ." ಅಷ್ಟು ಹೇಳಿ, ಬಳೆಯ ಬೆಲೆ ಜಾಸ್ತಿಯಾಯಿತೆಂದು ಅಂಗಡಿಯವರ ಮೇಲೆ ಹರಿಹಾಯ್ದಳು.

ಅವರ ಊರಿನ ಕಡೆಯ ಬಸ್ಸು ನನ್ನದಕ್ಕಿಂತ ಮೊದಲು ಬಂತು. ನೂಕುನುಗ್ಗಲಿನಲ್ಲಿ ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿದರು. ನಾನು ಕಿಟಕಿಯ ಕೆಳಗೆ ನಿಂತು ಅಕ್ಕನ ಕೈ ಹಿಡಿದುಕೊಂಡಿದ್ದೆ. ಒಳಗೆ ಕಂಡಕ್ಟರು ಟಿಕೆಟ್ ಮೆಷಿನ್ನು ಎತ್ತಿ ಹಿಡಿದು, ಎಷ್ಟು ಜನ ಎಂದು ಕೇಳಿದರು. ಅಕ್ಕ ಉತ್ತರಿಸಲು ತಿರುಗುವಷ್ಟರಲ್ಲಿ, ಹಿಂದಿನ ಸೀಟಿನಿಂದ ಚಿಕ್ಕತಾಯಮ್ಮ ಬಳೆಯ ಕೈ ಮೇಲೆತ್ತಿದ್ದಳು.

"ಐದು ಕಣಪ್ಪ. ಎಲ್ಲಾ ಒಟ್ಗೇ ಕೊಡು."