ಕುರಿ ರೊಪ್ಪದ ನಾಯಿ

“ನೀನು ಹಾಡಿದ್ದೆಲ್ಲಾ ಹೋಯ್ತು ಕಣಜ್ಜಿ” ಎಂದೆ. ಬರಗೂರಿನ ಹತ್ತಿರದ ಹಟ್ಟಿಯಲ್ಲಿ ಕುರಿ ಕಾಯುವ ಕೆಂಚಜ್ಜಿಯ ಹಾಡುಗಳನ್ನು ವರ್ಷವಿಡೀ ರೆಕಾರ್ಡ್ ಮಾಡಿ ನನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದೆ. ಬೇರೆಲ್ಲೂ ಪ್ರತಿ ಇರಲಿಲ್ಲ. ಅವನ್ನು ಚೊಕ್ಕ ಮಾಡುವ ಸಾಫ್ಟ್‌ವೇರ್ ಬೇಕಿತ್ತು. ಅದನ್ನು ಲೈಸೆನ್ಸ್ ಇಲ್ಲದೆ ಆಕ್ಟಿವೇಟ್ ಮಾಡುವ ಕಳ್ಳ ಟೂಲೊಂದನ್ನು ಇಳಿಸಿಕೊಂಡೆ. ಮೊದಲು ಆಂಟಿವೈರಸ್ ಆಫ್ ಮಾಡು ಅಂದಿತು, ಮಾಡಿದೆ. ಮಾರನೆಯ ದಿನ ಒಂದು ಫೈಲೂ ತೆರೆಯಲಿಲ್ಲ; ಟೂಲಿನೊಳಗೆ ಅಡಗಿದ್ದ ವೈರಸ್ ಎಲ್ಲಕ್ಕೂ ಬೀಗ ಜಡಿದಿತ್ತು.

ಆಂಟಿವೈರಸ್ ಅಂದರೆ ಕಾವಲು ಅಂತ ಬಿಡಿಸಿ ಹೇಳಿದೆ. ಅಜ್ಜಿ, “ಅಂಗಾರೆ ರೊಪ್ಪದ ನಾಯಿನ ನೀನೇ ಕಟ್ಟಾಕ್ಬುಟ್ಟು ತೋಳಕ್ಕೆ ಬಾಗ್ಲು ತೆಗ್ದೆ ಅನ್ನು” ಎಂದರು.

ಕಾನೂನುಬದ್ಧವಾಗಿ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಮೊದಲಿನಿಂದಲೂ ಇತ್ತಂತೆ, ಈಗ ಅದನ್ನೇ ಹಾಕಿಕೊಂಡಿದ್ದೇನೆ. ಅಜ್ಜಿ ಮತ್ತೆ ಹಾಡುತ್ತಿದ್ದಾರೆ. ಮೂರು ಹಾಡು ಮಾತ್ರ ಅವರಿಗೂ ನೆನಪಾಗುತ್ತಿಲ್ಲ.