ಹಿಮ್ಮೇಳವಷ್ಟೇ ಉಳಿದ ಪದ

ಕರೋನಾ ಕಳೆದು ಎರಡು ವರ್ಷವಾಗಿತ್ತು. ಬಳ್ಳಾರಿಯ ಪಾರ್ವತಿನಗರದಲ್ಲಿ ಆಗಲೂ ಈಗಲೂ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ. ಮಾಲೀಕ, ಸೌಂಡ್ ಎಂಜಿನಿಯರ್, ಕಸ ಗುಡಿಸುವವ ಎಲ್ಲಾ ನಾನೇ. ಕುರುಗೋಡಿನ ಬ್ಯಾಂಡಿನವರಿಂದ ಹಿಡಿದು ಚುನಾವಣೆ ಹಾಡಿನವರೆಗೆ ಯಾರು ಬಂದರೂ ರೆಕಾರ್ಡ್ ಮಾಡಿ ಕಳಿಸಿದವನು.

ಒಂದು ದಿನ ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಿಂದ ಆರು ಹೆಣ್ಣುಮಕ್ಕಳು ಬಂದರು. ಭತ್ತದ ನಾಟಿಗೆ ಹೋಗುವವರು. ಗದ್ದೆಯಲ್ಲಿ ಹಾಡುವ ಪದಗಳದೊಂದು ಆಲ್ಬಂ ಮಾಡಬೇಕೆಂಬ ಆಸೆ. ನೀಲಕ್ಕ ಮುಂದೆ ಸಾಲು ಎತ್ತಿದರೆ ಉಳಿದ ಐವರು ಹಿಮ್ಮೇಳವಾಗಿ ಅದನ್ನೇ ತಿರುಗಿ ಹೇಳಬೇಕು. ಅವತ್ತು ಮೈಕಿಲ್ಲದೆ ಒಂದೇ ಸಾಲು ಎತ್ತಿದಳು ನೋಡಿ, ಅಬ್ಬಾ, ಮೈ ಜುಮ್ಮೆಂದಿತು.

"ಈಗಲೇ ಹಾಡಿಬಿಡ್ರಿ" ಎಂದೆ.

"ಇನ್ನೊಂದೀಟು ತಿದ್ದಿಕೊಂಡು ಬರ್ತೀವ್ರಿ ಸರ. ಕಾಲಿವಿಗೆ ನೀರು ಬಿಟ್ಟಾರ, ನಾಟಿ ಮುಗೀಲಿ" ಎಂದಳು ನೀಲಕ್ಕ.

ನಾಟಿ ಮುಗಿಯಿತು, ಕಳೆ ಬಂತು, ಕೊಯ್ಲು ಬಂತು. ಎರಡನೇ ಬೆಳೆಗೆ ಮತ್ತೆ ನೀರು ಬಿಟ್ಟರು. ಫೋನು ಮಾಡಿದಾಗಲೆಲ್ಲ ಅದೇ ರಾಗ. "ನಿಮ್ಮ ಪದಕ್ಕ ಮುಹೂರ್ತ ಕೂಡಿ ಬರೋದು ಯಾವಾಗವ್ವಾ?" ಎಂದು ರೇಗಿಯೂ ಬಿಟ್ಟೆ.

ಕೊನೆಗೆ ಬಂದರು. ಅಷ್ಟರಲ್ಲಿ ನೀಲಕ್ಕನ ಗಂಟಲಿಗೆ ಕ್ಯಾನ್ಸರ್ ಆಗಿತ್ತು. ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದ್ದರು. "ದನಿ ಇನ್ನ ಒಂದೀಟು ಉಳದೈತ್ರಿ, ಆಪರೇಷನ್ನಿಗಿಂತ ಮೊದಲ ಒಂದ ಪದ ಆದ್ರೂ ಹಿಡಿದಿಡ್ರಿ" ಎಂದು ಹಿಮ್ಮೇಳದಲ್ಲಿದ್ದ ಆಕೆಯ ನೆಗೆಣ್ಣಿ, ಮೈದುನನ ಹೆಂಡತಿ ಶರಣಮ್ಮ ಕೈ ಮುಗಿದಳು.

ಮೈಕನ್ನು ನೀಲಕ್ಕನ ಬಾಯಿಯ ಹತ್ತಿರವೇ ಇಟ್ಟೆ. ತುಟಿ ಅಲುಗಿತು, ಗಾಳಿ ಬಂತು, ದನಿ ಬರಲಿಲ್ಲ. ನನಗೆ ಬೇರೆ ದಾರಿ ತೋಚದೆ, "ಶರಣಮ್ಮ, ನೀವ ಮುಂದ ಹೇಳ್ರಿ" ಎಂದೆ.

ಶರಣಮ್ಮ ಕೆಂಡವಾದಳು. "ಅಕ್ಕ ಎದುರಿಗೆ ಕುಂತಾಳ, ಆಕಿ ಸಾಲು ನಾ ಎತ್ಲೇನ್ರಿ? ನಾಲಿಗಿ ಸೇದಿ ಹೋದೀತು!"

ನೀಲಕ್ಕ ಕೈಯೆತ್ತಿ ತಾಳ ಹಾಕಿದಳು. ಸಾಲನ್ನು ತುಟಿಯಲ್ಲೇ ಹೇಳಿದಳು. ಐವರೂ ಆ ತುಟಿ ನೋಡುತ್ತಾ, ಸಾಲು ಮುಗಿಯುವವರೆಗೆ ಕಾದು, ತಿರುಗಿ ಹೇಳಿದರು. ಕಣ್ಣೀರು ಸುರಿಯುತ್ತಿತ್ತು, ತಾಳ ಮಾತ್ರ ತಪ್ಪಲಿಲ್ಲ. ನಾನೂ ಅತ್ತೆ.

ಆಮೇಲೆ ರೆಕಾರ್ಡಿಂಗಿನಲ್ಲಿ ನೀಲಕ್ಕನ ಸಾಲು ಇರಬೇಕಾಗಿದ್ದ ಖಾಲಿ ಜಾಗಗಳ ವಾಲ್ಯೂಮ್ ಏರಿಸಿ ಏರಿಸಿ ಕೇಳಿದೆ. ಉಸಿರಿತ್ತು, ಎ.ಸಿ.ಯ ಗುಂಯ್ ಇತ್ತು, ನೀಲಕ್ಕ ಇರಲಿಲ್ಲ. ಶರಣಮ್ಮನ ಮೊಬೈಲಿನಲ್ಲಿ ನೀಲಕ್ಕ ಹಿಂದೆ ಹಾಡಿದ್ದ ಗದ್ದೆಯ ಪದವೊಂದಿತ್ತು, ಅದರ ತುಂಬ ಟ್ರ್ಯಾಕ್ಟರ್ ಸದ್ದು. ಬೇಡದ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಎಂಬ ಸಾಫ್ಟ್‌ವೇರ್ ಇದೆ. ಹಾಕಿ ನೋಡಿದೆ. ಟ್ರ್ಯಾಕ್ಟರ್ ಹೋಯಿತು, ಅದರ ಜೊತೆ ನೀಲಕ್ಕನ ದನಿಯೂ ಹೋಯಿತು.

ಆಪರೇಷನ್ ಆದ ಮೇಲೆ ನೀಲಕ್ಕ ಕೊರಳಿಗೆ ವಸ್ತ್ರ ಸುತ್ತಿಕೊಂಡು ಬಂದಳು. ಹೆಡ್‌ಫೋನ್ ಹಾಕಿ ಸ್ಟುಡಿಯೋದಲ್ಲಿ ಹಿಡಿದ ಆ ಪದ ಕೇಳಿಸಿದೆ. ಖಾಲಿ ಜಾಗ ಬಂದಾಗಲೆಲ್ಲ ತುಟಿ ಆಡಿಸಿದಳು. ಪದ ಮುಗಿದಾಗ ಅತ್ತಳು. ಆ ಅಳುವಿಗೂ ದನಿ ಇರಲಿಲ್ಲ.

ಆಲ್ಬಂ ಆಗಲಿಲ್ಲ. ಈ ಕೆಲಸ ಕಲಿಸಿದ್ದಿಷ್ಟೇ: ಹಿಡಿದದ್ದನ್ನು ಆಮೇಲೆ ತಿದ್ದಬಹುದು, ಹಿಡಿಯದ್ದನ್ನು ಯಾವ ಯಂತ್ರವೂ ತಂದುಕೊಡದು. ಮೊನ್ನೆ ರಾರಾವಿಯಿಂದ ಭಜನೆಯವರು ಬಂದಿದ್ದರು. ನೀಲಕ್ಕನ ಕಥೆ ಹೇಳಿ, "ಹೆಂಗ ಬರ್ತೈತೋ ಹಂಗ ಇವತ್ತ ಹಾಡ್ರಿ" ಎಂದು ಬೇಡಿಕೊಂಡೆ.

"ನಾಟಿ ಮುಗೀಲಿ ಬಿಡ್ರಿ ಸರ" ಎಂದು ನಗುತ್ತಾ ಬಸ್ಸಿಗೆ ಹೋದರು.