ಕಂಬಳಿಯ ಮೇಲೆ ಕೊಟ್ಟ ಮಾತು

ಗೆದ್ದು ಬಂದ ಎಮ್ಮೆಲ್ಲೆಯನ್ನು ಅವನ ಮನೆಗೇ ಬಿಡದ ಊರು ಎಲ್ಲಾದರೂ ಉಂಟೇ ಅಂತ ಕೇಳಬೇಡಿ. ಉಂಟು ಸ್ವಾಮಿ. ಮಿಡಿಗೇಶಿಯ ಆಚೆ ಹಳ್ಳ ದಾಟಿ ನಡೆದರೆ ಸಿಗುವ ಕರೇಕಲ್ಲಹಟ್ಟಿ. ಅಲ್ಲಿನ ಕುರಿಗಾಹಿ ಕ್ಯಾತಣ್ಣ ಎಲೆಕ್ಷನ್ ಗೆದ್ದ ದಿನ ತುಮಕೂರಿನಲ್ಲಿ ಎಣಿಕೆ ಮುಗಿಸಿ, ಮಧುಗಿರಿಯಲ್ಲಿ ಮೆರವಣಿಗೆ ಮಾಡಿಸಿಕೊಂಡು, ಕೊರಳು ಕಾಣದಷ್ಟು ಹಾರ ಹಾಕಿಸಿಕೊಂಡು, ತಮಟೆಯ ಹಿಂದೆ ಕುಣಿಯುತ್ತಲೇ ಹಟ್ಟಿಗೆ ಬಂದ. ಹಟ್ಟಿಯ ಸುತ್ತ ಮುಳ್ಳಿನ ಬೇಲಿ, ಬೇಲಿಗೊಂದು ಬಾಗಿಲು. ಆ ಬಾಗಿಲಿಗೆ ಅಡ್ಡಲಾಗಿ ಕೋಲು ಹಿಡಿದು ನಿಂತಿದ್ದವನು ಬೈರಪ್ಪ. ಹಟ್ಟಿಯ ಯಜಮಾನ, ಕ್ಯಾತಣ್ಣನಿಗೆ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಹೌದು.

"ಬಸ್ಸೆಲ್ಲಪ್ಪಾ ಅಳಿಯಾ?" ಅಂದ ಬೈರಪ್ಪ.

ತಮಟೆ ನಿಂತಿತು. ಕ್ಯಾತಣ್ಣನ ಮುಖದಲ್ಲಿದ್ದ ಗುಲಾಲಿನ ಅಡಿಯಲ್ಲಿ ಬಣ್ಣ ಇಳಿಯಿತು. ಗೆದ್ದ ಗಲಾಟೆಯಲ್ಲಿ ಆ ಮಾತು ಅವನಿಗೆ ಮರೆತೇ ಹೋಗಿತ್ತು.

ಯಾವ ಮಾತು ಅಂದರೆ, ಕೇಳಿ. ಕ್ಯಾತಣ್ಣ ಏಳನೇ ಕ್ಲಾಸಿಗೆ ಓದು ಬಿಟ್ಟು ಕುರಿ ಹಿಂದೆ ಹೋದವನು. ಒಮ್ಮೆ ಪಂಚಾಯ್ತಿ ಆಫೀಸಿನಲ್ಲಿ ಯಾರೋ "ನಾಳೆ ಬಾ" ಅಂದರು ಅಂತ ಸಿಟ್ಟಿಗೆದ್ದು ಮೆಂಬರಿಕೆಗೆ ನಿಂತ, ಗೆದ್ದ. ಆಮೇಲೆ ತಾಲ್ಲೂಕು ಪಂಚಾಯ್ತಿ. ಎಮ್ಮೆಲ್ಲೆ ಟಿಕೆಟ್ ಸಿಕ್ಕಿದ್ದು ಮಾತ್ರ ಅದೃಷ್ಟ ಅನ್ನಬೇಕು. ಇಬ್ಬರು ದೊಡ್ಡ ಕುಳಗಳು ಟಿಕೆಟ್‌ಗಾಗಿ ಕಿತ್ತಾಡಿಕೊಂಡರು, ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನೋ ಹಾಗೆ ಟಿಕೆಟ್ ಇವನ ಮಡಿಲಿಗೆ ಬಿತ್ತು. ಆದರೆ ಸ್ವಂತ ಹಟ್ಟಿಯವರಿಗೇ ಅನುಮಾನ. "ಹೊಳೆ ದಾಟಿದ ಮ್ಯಾಲೆ ಅಂಬಿಗನ ಹಂಗ್ಯಾಕೆ? ಗೆದ್ದೋರೆಲ್ಲ ಅಂಗೇ ಹೋದ್ರು, ನೀನೂ ಅಂಗೇ ಹೋಗ್ತೀಯ" ಅಂದಿದ್ದ ಬೈರಪ್ಪ, ಎಲ್ಲರೆದುರಿಗೆ.

ಕ್ಯಾತಣ್ಣನಿಗೆ ರೋಷ ಬಂತು. ಬೇರೆ ರಾಜಕಾರಣಿಯಾಗಿದ್ದರೆ ಮೈಕಿನಲ್ಲಿ ಭರವಸೆ ಕೊಡುತ್ತಿದ್ದ. ಮೈಕಿನ ಮಾತು ಗಾಳಿಗೆ ಹೋಗುತ್ತದೆ, ಯಾರೂ ಬೆನ್ನು ಹತ್ತುವುದಿಲ್ಲ. ಈ ಪುಣ್ಯಾತ್ಮ "ಕಂಬಳಿ ಹಾಸಿ" ಅಂದುಬಿಟ್ಟ. ಆ ಸೀಮೆಯ ಹಟ್ಟಿಗಳಲ್ಲಿ ನ್ಯಾಯವಾಗಲಿ, ನಂಟಸ್ತಿಕೆಯಾಗಲಿ, ಕಂಬಳಿ ಹಾಸಿ ಕೂತು ಮಾತಾಡಿದರೆ ಅದು ರಿಜಿಸ್ಟ್ರಿಗಿಂತ ಹೆಚ್ಚು. ಕಂಬಳಿಗೆ ಮೈಲಿಗೆಯಿಲ್ಲ, ಅದರ ಮೇಲೆ ಸುಳ್ಳಿಲ್ಲ ಅನ್ನುವುದು ಹಿರೀಕರ ಮಾತು. ಅದರ ಮೇಲೆ ಕೂತು ಕ್ಯಾತಣ್ಣ ಹೇಳಿದ: "ಸರ್ಕಾರಿ ಬಸ್ಸು ಈ ಹಟ್ಟಿ ಬಾಗಿಲಿಗೆ ಬರೋಗಂಟ ನಾನು ಒಳೀಕೆ ಕಾಲಿಕ್ಕಲ್ಲ."

ಬೈರಪ್ಪನೂ ಅದೇ ಕಂಬಳಿಯ ಮೇಲೆ ಕೈಯಿಟ್ಟ. "ಬಸ್ಸು ಬಂದ ದಿನ ಹೊತ್ತು ಮುಳುಗೋದ್ರೊಳಗೆ ನಾನೇ ನಿನ್ನ ಕೈ ಹಿಡ್ಕಂಡು ಒಳೀಕೆ ಕರ್ಕತೀನಿ."

ಹೀಗಾಗಿ ಕ್ಷೇತ್ರವನ್ನೆಲ್ಲ ಗೆದ್ದವನು ಮನೆಯನ್ನು ಸೋತು ಬೇಲಿಯ ಹೊರಗೆ ನಿಂತ. ಬೆಂಗಳೂರಿನಲ್ಲಿ ಶಾಸಕರಿಗೆ ಕೊಡುವ ಕೊಠಡಿ ಇತ್ತು, ಮಧುಗಿರಿಯಲ್ಲಿ ಆಫೀಸಿತ್ತು. ಆದರೆ ಹೆಂಡತಿ ಹೊನ್ನಕ್ಕ, ಕುರಿ, ಬೆಚ್ಚನೆಯ ಮುದ್ದೆ ಎಲ್ಲ ಇದ್ದದ್ದು ಬೇಲಿಯ ಒಳಗೆ. ವಾರಕ್ಕೊಮ್ಮೆ ಬಂದು ಬಾಗಿಲಿನ ಎದುರಿನ ಹೊಂಗೆಮರದ ಕೆಳಗೆ ಕೂರುತ್ತಿದ್ದ. ಹೊನ್ನಕ್ಕ ಅಲ್ಲಿಗೇ ಊಟ ತರುತ್ತಿದ್ದಳು.

"ಬಾಯಿ ಇದ್ದೋನು ಬೇಲಿ ಹೊರಗೆ ಬಿದ್ದ ಅನ್ನಂಗಾಯ್ತು ನಿನ್ ಕತೆ" ಅನ್ನುತ್ತಿದ್ದಳು. "ಮುಂದಿನ ಸಲ ಗೆದ್ರೆ ಮರದ ಮ್ಯಾಲೇ ಕೂರ್ತೀಯೇನೋ."

ಮರದಿಂದ ಅಷ್ಟು ದೂರದಲ್ಲಿ ಒಂದು ಕುಳ್ಳು ಗುಡಿಸಲು. ಮುಟ್ಟಾದ ಹೆಂಗಸರು, ಹೆತ್ತ ಬಾಣಂತಿಯರು ಕೂಸಿನ ಸಮೇತ ಇರಬೇಕಾದ ಜಾಗ ಅದು. ಶುದ್ಧವಾಗುವ ತನಕ ಬೇಲಿಯ ಒಳಗೆ ಬರುವ ಹಾಗಿಲ್ಲ, ಹಟ್ಟಿಯ ದೇವರು ಜುಂಜಪ್ಪ ಮುನಿಯುತ್ತಾನೆ ಅನ್ನುವುದು ಕಟ್ಟಳೆ. ಗಂಡಸರು ಅತ್ತ ತಲೆ ಹಾಕಿಯೂ ಮಲಗುವವರಲ್ಲ.

ಒಂದು ಮಧ್ಯಾಹ್ನ ಮಳೆ ಹೊಡೆಯಿತು, ಎಂಥಾ ಮಳೆ ಅಂದರೆ ಹೊಂಗೆಮರವೇ ನೆನೆದು ಮುದುರಿತು. ಕಾರು ಹಳ್ಳದ ಆಚೆಗಿತ್ತು, ಹಳ್ಳ ಉಕ್ಕಿತ್ತು. ಕ್ಯಾತಣ್ಣ ಬೇರೆ ದಾರಿ ಕಾಣದೆ ಬಗ್ಗಿ ಆ ಗುಡಿಸಲಿಗೆ ನುಗ್ಗಿದ. ಪುಣ್ಯಕ್ಕೆ ಖಾಲಿಯಿತ್ತು. ನೆಟ್ಟಗೆ ಕೂತರೆ ತಲೆಗೆ ಸೂರು, ಕಾಲು ಚಾಚಿದರೆ ಹೊರಗೆ ಮಳೆ, ಎಲ್ಲಿ ಕೂತರೂ ನೆತ್ತಿಗೆ ಹನಿ. ಕಂಬಳಿ ಕೊಪ್ಪೆ ಹಾಕಿಕೊಂಡು ಹೊನ್ನಕ್ಕ ಬಂದು ಬಾಗಿಲಲ್ಲಿ ನಿಂತಳು.

"ಹೆಂಗೈತೆ ನಮ್ಮ ಬಂಗ್ಲೆ?"

ಕ್ಯಾತಣ್ಣ ನೆತ್ತಿಯ ಹನಿ ಒರೆಸಿಕೊಂಡ.

"ನಮ್ ವನಜಿ ಹುಟ್ಟಿದ್ದು ಇಲ್ಲೇ ಕಣಯ್ಯ. ಇಂಥದೇ ಮಳೆ. ನೀನು ಬೇಲಿ ಒಳಗೆ ನಿಂತ್ಕಂಡು ಗಂಡೋ ಹೆಣ್ಣೋ ಅಂತ ಕೂಗ್ತಿದ್ದೆ. ನಾನು ಸತ್ತೆನೋ ಬದುಕಿದೆನೋ ಅಂತ ಕೇಳಿರ್ಲಿಲ್ಲ."

ಅವಳು ನಗುನಗುತ್ತಲೇ ಅಂದಳು. ಅವನಿಗೆ ನಗು ಬರಲಿಲ್ಲ. ವಿಧಾನಸಭೆಯಲ್ಲಿ, ಆಫೀಸಿನಲ್ಲಿ, ಎಷ್ಟೋ ಕಡೆ ಅವಮಾನ ನುಂಗಿದ್ದ. ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಎಮ್ಮೆಲ್ಲೆ ಹೆಂಗಸರ ಗುಡಿಸಲಲ್ಲಿ ಕೂತಿದ್ದನಂತೆ ಅಂತ ಸುದ್ದಿ ಹರಡಿತು. ಹಟ್ಟಿಯ ಹಿರಿಯರು ಏನು ಕೇಡು ಬರುತ್ತೋ ಅಂತ ಕೆಲವು ತಿಂಗಳು ಉಸಿರು ಬಿಗಿಹಿಡಿದು ಕಾದರು. ಆ ಸುಗ್ಗಿಯಲ್ಲಿ ಕುರಿಗಳು ಅವಳಿಜವಳಿ ಈದವು. ಜುಂಜಪ್ಪ ಯಾರ ತಂಟೆಗೂ ಬರಲಿಲ್ಲ.

ಇತ್ತ ಬಸ್ಸಿನದು ಬೇರೆಯೇ ರಾಮಾಯಣ. ಹಳ್ಳಕ್ಕೆ ಸೇತುವೆಯಿಲ್ಲದೆ ಬಸ್ಸಿಲ್ಲ, ಬಸ್ಸಿನ ರೂಟಿಲ್ಲದೆ ಸೇತುವೆಗೆ ಮಂಜೂರಾತಿಯಿಲ್ಲ. "ಅಲ್ಲಿಗೆ ಬಿಟ್ರೆ ಕಲೆಕ್ಷನ್ ಆಗಲ್ಲ ಸರ್" ಅನ್ನುತ್ತಿದ್ದರು ಬಸ್ಸಿನವರು. ಹಾಗಂತ ಕ್ಯಾತಣ್ಣ ಸುಮ್ಮನೆ ಕೂತವನಲ್ಲ. ಬೇರೆ ಊರುಗಳಿಗೆ ರಸ್ತೆ ಹಾಕಿಸಿದ, ಹೈಸ್ಕೂಲು ತಂದ, ಆಸ್ಪತ್ರೆಗೆ ಡಾಕ್ಟರು ತಂದ. ನಮ್ಮ ಹಟ್ಟಿಯ ಕೆಲಸವೇ ಮೊದಲು ಅಂದರೆ ಜನ ಏನಂದಾರು ಅಂತ ತನ್ನದನ್ನು ಹಿಂದಕ್ಕೆ ಹಾಕುತ್ತ ಬಂದ. ಎದುರಾಳಿಗಳು ಮೊಬೈಲಿನಲ್ಲಿ ಫೋಟೋ ಹಂಚಿದರು, "ಬೇಲಿ ಹೊರಗಿನ ಎಮ್ಮೆಲ್ಲೆ" ಅಂತ. ಜನ ಮೊದಲು ನಕ್ಕರು. ಆಮೇಲೆ, ಅಯ್ಯೋ, ಈ ಎಮ್ಮೆಲ್ಲೆಗೆ ಗೇಟಿಲ್ಲ, ಪಿ.ಎ. ಇಲ್ಲ, ಮರದ ಕೆಳಗೆ ಸಿಗ್ತಾನೆ ಅಂತ ಗೊತ್ತಾಗಿ ಸಿರಾ, ಕೊರಟಗೆರೆ ಕಡೆಯಿಂದಲೂ ಅರ್ಜಿ ಹಿಡಿದು ಬರತೊಡಗಿದರು. ಬೈಯಲು ಇಟ್ಟ ಹೆಸರೇ ಅವನಿಗೆ ಬಿರುದಾಯಿತು.

ಅವಧಿ ಮುಗಿಯಲು ವರ್ಷವೊಂದು ಉಳಿದಾಗ ವಿಧಾನಸಭೆಯಲ್ಲಿ ಎದ್ದು ನಿಂತ. "ಮಾನ್ಯ ಸಭಾಧ್ಯಕ್ಷರೇ, ನಂಗೆ ಮನೆಯಿದೆ. ಹೋಗೋ ಹಂಗಿಲ್ಲ."

"ಹೆಂಡ್ತಿ ಹೊರಗೆ ಹಾಕವ್ಳಾ?" ಅಂತ ಹಿಂದಿನಿಂದ ಯಾರೋ ಕೂಗಿದರು. ಸಭೆಯೆಲ್ಲ ನಕ್ಕಿತು. ಕ್ಯಾತಣ್ಣನೂ ನಕ್ಕ. ನಗು ಮುಗಿದ ಮೇಲೆ ಕಂಬಳಿಯ ಮಾತನ್ನು ಪೂರ್ತಿ ಹೇಳಿದ. "ಪಾವಗಡದ ವಳ್ಳೂರಿನ ಬಿಸಿಲು ಸೋಲಾರಿನಲ್ಲಿ ಕರೆಂಟಾಗಿ ಎಲ್ಲೆಲ್ಲಿಗೋ ಹೋಗ್ತದೆ. ಅದರ ಪಕ್ಕದ ಸೀಮೆಯ ನನ್ನ ಹಟ್ಟಿಗೆ ಒಂದು ಬಸ್ಸು ಹೋಗೋಕೆ ದಾರಿಯಿಲ್ಲ. ಈ ಸಭೆಯಲ್ಲಿ ಕೊಟ್ಟ ಮಾತಿಗೆ ಬೆಲೆ ಐತೋ ಇಲ್ವೋ ನನಗೆ ಗೊತ್ತಿಲ್ಲ. ನಮ್ಮ ಕಂಬಳಿ ಮೇಲಿನ ಮಾತಿಗೆ ಐತೆ." ಮಂತ್ರಿಗಳು ಎದ್ದು ಸೇತುವೆಗೆ ಒಪ್ಪಿಗೆ ಕೊಟ್ಟರು, ಮತ್ತೆ ಮಾತು ತಪ್ಪಲು ಅವರಿಗೂ ಮುಖ ಬರಲಿಲ್ಲ.

ಸೇತುವೆಯಾಯಿತು. ಬಸ್ಸು ಹೊರಡುವ ದಿನವೇ ಮಗಳು ವನಜಾಕ್ಷಿಗೆ ಮಧುಗಿರಿ ಆಸ್ಪತ್ರೆಯಿಂದ ಬಿಡುಗಡೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಹೆಣ್ಣು ಕೂಸನ್ನು ಹೆತ್ತಿದ್ದಳು. "ಕಾರು ಬ್ಯಾಡಪ್ಪ, ನಾನೂ ನಿನ್ ಬಸ್ಸಲ್ಲೇ ಬರ್ತೀನಿ" ಅಂದಳು. ಮುಂದಿನ ಸೀಟಿನಲ್ಲಿ ಅಪ್ಪ, ಹಿಂದೆ ಮಗಳು, ಅವಳ ಮಡಿಲಲ್ಲಿ ಕೂಸು, ಪಕ್ಕದಲ್ಲಿ ಹೊನ್ನಕ್ಕ. ಮಾವಿನೆಲೆ ಕಟ್ಟಿದ ಬಸ್ಸು ಹಾರನ್ ಒತ್ತುತ್ತ ಹಳ್ಳ ದಾಟಿತು. ಅದು ಹಟ್ಟಿಯ ಬಾಗಿಲಲ್ಲಿ ನಿಂತಾಗ ಕ್ಯಾತಣ್ಣನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಇಲ್ಲ. ತಮಟೆಯವರು ಹುಚ್ಚೆದ್ದು ಬಾರಿಸಿದರು.

ಬೈರಪ್ಪ ಹೊಸ ಪೇಟ ಸುತ್ತಿ ಬಂದು ಅಳಿಯನ ಕೈ ಹಿಡಿದ. "ಗೆದ್ದೆ ಕಣ್ಲಾ ಕ್ಯಾತ. ನಡಿ ಒಳೀಕೆ."

ಅಷ್ಟರಲ್ಲಿ ವನಜಾಕ್ಷಿ ಇಳಿದಳು. ಯಾರೂ ಹೇಳಬೇಕಾಗಲಿಲ್ಲ. ತಾನಾಗಿಯೇ ಸೆರಗು ಎಳೆದುಕೊಂಡು, ಕೂಸನ್ನು ಎದೆಗವಚಿಕೊಂಡು ಗುಡಿಸಲಿನ ಕಡೆ ತಿರುಗಿದಳು.

ಕ್ಯಾತಣ್ಣ ಮಾವನ ಕೈಯಿಂದ ಕೈ ಬಿಡಿಸಿಕೊಂಡ. ಎಲೆಕ್ಷನ್ ಎದುರಿಗೇ ಇತ್ತು. ಈ ಹಟ್ಟಿ ಮುನಿದರೆ ಸುತ್ತಲಿನ ಹಟ್ಟಿಗಳೆಲ್ಲ ಮುನಿಯುತ್ತವೆ ಅನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಮಾವ, ಅವಳು ಬರೋಗಂಟ ನಾನೂ ಒಳೀಕೆ ಬರಲ್ಲ. ಹೊರಗೆ ಇದ್ದು ನಂಗೆ ಅಭ್ಯಾಸ ಆಗೈತೆ."

ತಮಟೆ ಮತ್ತೆ ನಿಂತಿತು. ಬೈರಪ್ಪನ ಮುಖ ಕೆಂಪಾಯಿತು. "ಹೊತ್ತು ಇಳೀತಾ ಐತೆ. ಕಂಬಳಿ ಮ್ಯಾಲೆ ಮಾತು ಕೊಟ್ಟೀವ್ನಿ. ನನ್ ಮಾತು ಕೆಡಿಸ್ತೀಯೇನ್ಲಾ?"

ಉತ್ತರ ಕೊಟ್ಟವಳು ಹೊನ್ನಕ್ಕ. "ಅಪ್ಪಾ, ಗಂಡಸು ಆ ಗುಡಿಸ್ಲಾಗೆ ಕೂತ. ದ್ಯಾವ್ರು ಮುನಿದ್ನಾ? ಕುರಿ ಸತ್ವಾ? ಅವನಿಗೆ ಆಗದ ಮೈಲಿಗೆ ಈ ಹಸುಗೂಸಿಗೆ ಹೆಂಗಾಯ್ತದೆ, ನೀನೇ ಹೇಳು."

ಬೈರಪ್ಪ ಹೊತ್ತು ನೋಡಿದ, ನೆರೆದ ಹಿರಿಯರನ್ನು ನೋಡಿದ. ಅವರೆಲ್ಲ ನೆಲ ನೋಡುತ್ತಿದ್ದರು. ಮೊಮ್ಮಗಳ ಹತ್ತಿರ ಹೋಗಿ ಕೂಸಿನ ಮುಖದ ಮೇಲಿನ ಬಟ್ಟೆ ಸರಿಸಿದ. ಅದು ಆಕಳಿಸಿತು. ಮುದುಕನ ಮೀಸೆ ಅದುರಿತು. ಹೆಗಲ ಮೇಲಿನ ಕಂಬಳಿ ಕೊಡವಿ, ತಾನೇ ಬಗ್ಗಿ ಹಟ್ಟಿಯ ಬಾಗಿಲಿಗೆ ಅಡ್ಡಲಾಗಿ ಹಾಸಿದ.

"ಕಂಬಳಿಗೆ ಮೈಲಿಗೆ ಇಲ್ಲ ಅಂತ ಹಿರೀಕರೇ ಹೇಳವ್ರೆ. ತುಳ್ಕಂಡು ಬಾರವ್ವ" ಅಂದ.

ವನಜಾಕ್ಷಿ ಕೂಸಿನೊಂದಿಗೆ ಕಂಬಳಿಯ ಮೇಲೆ ಕಾಲಿಟ್ಟು ಒಳಗೆ ಬಂದಳು. ಅವಳ ಹಿಂದೆ ಬೈರಪ್ಪ, ಕೊಟ್ಟ ಮಾತಿನಂತೆ ಅಳಿಯನ ಕೈ ಹಿಡಿದು, ಹೊತ್ತು ಮುಳುಗುವ ಮುಂಚೆ, ಒಳಕ್ಕೆ ಕರೆದುಕೊಂಡ. ತಮಟೆ ಈ ಸಲ ಬೇಲಿ ಅಲುಗುವ ಹಾಗೆ ಮೊಳಗಿತು. ಕ್ಯಾತಣ್ಣ ತನ್ನ ಮನೆಯ ಹೊಸ್ತಿಲಿನ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಬೈರಪ್ಪ ಬಾಗಿಲಿಗೆ ವಾಪಸು ಬಂದು ಕಂಬಳಿ ಮಡಚಲು ಬಗ್ಗಿದ.

"ಅಲ್ಲೇ ಬುಡಪ್ಪ" ಅಂದಳು ಹೊನ್ನಕ್ಕ. "ಗುಡಿಸ್ಲಾಗೆ ಇನ್ನೂ ಇಬ್ರು ಅವ್ರೆ."

ಮುದುಕ ಮಗಳ ಮುಖ ನೋಡಿದ. ಆಮೇಲೆ ಕಂಬಳಿಯನ್ನು ಕೈಬಿಟ್ಟು, ದಾರಿ ಬಿಟ್ಟು, ಪಕ್ಕಕ್ಕೆ ಸರಿದು ನಿಂತ.